ಹೊಟ್ಟೆ ನುಡಿದ ಸುಳ್ಳುಸಾಕ್ಷಿ

“ಒಳಗ ಬರ್ರಿ ಮೇಡಂ. ಆದ್ರ ಮೂಗಿಗೆ ಕೈ ಹಿಡೀಬ್ಯಾಡ್ರಿ, ಸತ್ತವರಿಗೆ ನೋವಾಗ್ತದ.”

ಗುರುಶಾಂತಮ್ಮ ಗಂಡನ ಕೋಣೆಯ ಬಾಗಿಲು ತೆರೆದು ಪಕ್ಕಕ್ಕೆ ಸರಿದಳು. ಇನ್ಸ್‌ಪೆಕ್ಟರ್ ಭಾಗ್ಯಜ್ಯೋತಿ ಹೊಸ್ತಿಲ ಮೇಲೆಯೇ ನಿಂತಳು. ಕಿಟಕಿಗಳೆಲ್ಲ ತೆರೆದಿದ್ದವು. ಮೂಲೆಯಲ್ಲಿ ಲೋಬಾನದ ಬೂದಿ ಬಿದ್ದಿತ್ತು. ಆದರೂ ಗಾದಿಯ ಕಡೆಯಿಂದ ಕೊಳೆತ ತತ್ತಿಯ ನಾತ ತೆಳ್ಳಗೆ ಎದ್ದುಬಂದು ಮೂಗಿಗೆ ತಾಗಿತು. ಖರೆಯೇ ಇತ್ತೋ, ಮೊದಲೇ ಕೇಳಿದ ಮಾತಿನಿಂದ ಹಾಗನಿಸಿತೋ, ಅವಳಿಗೂ ತಿಳಿಯಲಿಲ್ಲ.

“ಈ ಮನೀಗೆ ನಾ ಸೊಸಿಯಾಗಿ ಬಂದಾಗಿಂದ ಒಂದ ತತ್ತಿ ಒಳಗ ಬಂದಿಲ್ರಿ,” ಎಂದಳು ಗುರುಶಾಂತಮ್ಮ. “ಲಿಂಗದ ಮನಿ ಇದು. ಆದ್ರ ಎರಡ ತಿಂಗಳಿಂದ ಅವರು ತೇಗಿದ್ರ ಈ ನಾತ. ಮಗ್ಗಲಿಗೆ ಕುಂದ್ರಾಕ ಆಗ್ತಿದ್ದಿಲ್ಲ. ಊರಾಗಿನ ಮಂದಿ ಗಾಳಿ ಬಡದದ ಅಂದ್ರು. ಅದಕ್ಕs ಗಾಣಗಾಪುರಕ್ಕ ಕಳಿಸಿದ್ದೆ. ಉಳೀಲಿ ಅಂತ ಕಳಿಸಿದ್ದೆ ಯವ್ವಾ.”

ಆಳಂದದ ಬೇಳೆ ಗಿರಣಿಯ ಮಾಲೀಕ ಹಣಮಂತರಾಯನ ಹೆಣ ಗಾಣಗಾಪುರದ ಸಂಗಮದ ಮೊಣಕಾಲುದ್ದ ನೀರಿನಲ್ಲಿ ಸಿಕ್ಕಿದ ಮೇಲೆ, ಅವನ ಹಳೆಯ ಡ್ರೈವರ್ ಉಸ್ಮಾನಸಾಬ ಲಾಕಪ್ಪು ಸೇರಿದ್ದ. ಪೊಲೀಸ್ ಕಸ್ಟಡಿ ಮುಗಿಯುತ್ತಿತ್ತು, ನಾಳೆ ಅವನನ್ನು ಮತ್ತೆ ಕೋರ್ಟಿಗೆ ನಿಲ್ಲಿಸಬೇಕು. ಅಲ್ಲಿಂದ ಜೈಲಿಗೆ ಹೋದನೆಂದರೆ, ಆ ವಯಸ್ಸಿಗೆ, ತಿರುಗಿ ಮನೆಯ ಮುಖ ನೋಡುವುದು ಅನುಮಾನ.

ಹಿಡಿದವಳು ಭಾಗ್ಯಜ್ಯೋತಿಯೇ. ಹಿಡಿಯಲು ಇದ್ದ ಕಾರಣ ಒಂದೇ, ಸತ್ತವನ ಹೊಟ್ಟೆ.

ಗಾಣಗಾಪುರದಲ್ಲಿ ಮಧ್ಯಾಹ್ನದ ಹೊತ್ತಿಗೆ ದತ್ತಸ್ವಾಮಿ ಯಾವುದೋ ವೇಷದಲ್ಲಿ ಭಿಕ್ಷೆಗೆ ತಿರುಗುತ್ತಾನೆಂದು ನಂಬಿಕೆ. ಹರಕೆ ಹೊತ್ತವರೂ ಅದೇ ಹೊತ್ತಿಗೆ ಜೋಳಿಗೆ ಹಿಡಿದು ಐದು ಮನೆ ಬೇಡುತ್ತಾರೆ. ಲಕ್ಷಾಧೀಶನಾದರೂ ಸರಿ, ಬೇಡಲೇಬೇಕು. ಒಂದು ಮನೆಯ ರೊಟ್ಟಿ, ಇನ್ನೊಂದು ಮನೆಯ ಹುಗ್ಗಿ, ಮತ್ತೊಂದರ ಪುಂಡಿಪಲ್ಯ, ಎಲ್ಲ ಒಂದರಲ್ಲೊಂದು ಕಲೆತುಹೋಗುತ್ತದೆ. ಅದು ಮಧುಕರಿ. ಮಧ್ಯಾಹ್ನ ಬಿಟ್ಟು ಬೇರೆ ಹೊತ್ತಿನಲ್ಲಿ ಅದು ಸಿಗುವುದಿಲ್ಲ.

ಹಣಮಂತರಾಯನ ಹೊಟ್ಟೆ ಕೊಯ್ದಾಗ ಆ ಐದು ಮನೆಯ ಅನ್ನ ಇದ್ದಹಾಗೇ ಇತ್ತು. ಕರಗಿರಲಿಲ್ಲ, ಇಳಿದಿರಲಿಲ್ಲ. ಉಂಡ ಕೂಡಲೇ ಸತ್ತಿದ್ದಾನೆ ಎಂದು ಯಾರಾದರೂ ಹೇಳುವಂತಿತ್ತು. ಉಂಡ ಕೂಡಲೇ ಅವನ ಜೊತೆ ಇದ್ದವನು ಉಸ್ಮಾನಸಾಬ ಒಬ್ಬನೇ.

“ನೀರ ಕುಡೀರಿ,” ಎಂದು ಗುರುಶಾಂತಮ್ಮ ತಂಬಿಗೆ ಚಾಚಿದಳು.

ಇಜೇರಿಯಲ್ಲಿ ಭಾಗ್ಯಜ್ಯೋತಿಯ ಅಜ್ಜಿಯಿದ್ದಳು. ಹಸಿವು ಸತ್ತವರ ಮನೆಯಲ್ಲಿ ನೀರು ಮುಟ್ಟಬೇಡ ಎಂದು ಅವಳು ಹೇಳುತ್ತಿದ್ದಳು. ಯಾಕೆಂದರೆ ಹೇಳುತ್ತಿರಲಿಲ್ಲ. ಭಾಗ್ಯಜ್ಯೋತಿ ತಂಬಿಗೆ ಎತ್ತಿ ಗಟಗಟ ಕುಡಿದು ಕೆಳಗಿಟ್ಟಳು. ನೀರು ತಣ್ಣಗಿತ್ತು. ಮೈ ಮಾತ್ರ ಒಮ್ಮೆ ಜುಮ್ಮೆಂದಿತು.

“ಹಸಿವು ಯಾವಾಗಿಂದ ಹೋತ್ರಿ ಅವರಿಗೆ?”

“ಹೋಗಿದ್ದಲ್ರಿ. ಯಾರೋ ಕಸಗೊಂಡಂಗಾತು.” ಗುರುಶಾಂತಮ್ಮ ಗಾದಿಯ ಅಂಚಿಗೆ ಕೂತಳು. “ತಾಟು ಮುಂದಿಟ್ರ ಮೊದಲ ಎದ್ದು ಕುಂದ್ರಾವ್ರು. ಇನ್ನೊಂದ ರೊಟ್ಟಿ ಹಾಕು ಅಂತ ಬೈಯ್ಯಾವ್ರು. ಅಂಥಾವ್ರು ಎರಡ ತುತ್ತು ನುಂಗಿ ಕೈ ಹಿಂದಕ್ಕ ತಗೋತಿದ್ರು. ಯಾಕ್ರೀ ಅಂದ್ರ, ‘ಹೊಟ್ಟ್ಯಾಗ ಯಾರೋ ಕುಂತಾನ ಗುರುಶಾಂತಿ, ಸಾಕು ಅನ್ನಾಕತ್ತಾನ’ ಅಂತಿದ್ರು. ನಗಚಾಟಕ್ಕ ಅಲ್ರಿ. ಹೊಟ್ಟೀ ಮ್ಯಾಲ ಕೈ ಇಟ್ಟಕೊಂಡು ಗ್ವಾಡಿ ನೋಡಕೋತ ಹೇಳ್ತಿದ್ರು.”

“ಯಾರಂತ ಹೇಳಲಿಲ್ಲ?”

“ಕೇಳಿದೆ. ‘ನನ್ನ ದನಿಯೊಳಗs ಮಾತಾಡ್ತಾನ’ ಅಂದ್ರು.”

ಹೊರಗೆ ಗಿರಣಿಯ ಸದ್ದು ನಿಂತಿತು. ಅಷ್ಟು ಹೊತ್ತು ಸದ್ದು ಇತ್ತೆಂಬುದೇ ಆಗ ಅರಿವಾಯಿತು.

“ವಾಂತಿ ಆಗ್ತಿತ್ತೇನ್ರಿ?”

“ಅದನ್ನ ಹ್ಯಾಂಗ ಹೇಳ್ಲಿ? ಎಳ್ಳ ಅಮಾಸಿ ದಿನ ಹೊಲಕ್ಕ ಹೋಗಿದ್ವಿ. ಎಲ್ಲರ ಒತ್ತಾಯಕ್ಕ ಅವರೂ ಭಜ್ಜಿಪಲ್ಯ ಉಂಡ್ರು. ಮರುದಿನ ಬರೇ ನೀರು, ಮಜ್ಜಿಗಿ. ಅದರ ಮರುದಿನ ನಸುಕಿನ್ಯಾಗ ವಾಂತಿ ಮಾಡಿಕೊಂಡ್ರು. ನಾನs ಬಳದೆ.” ಅವಳು ತನ್ನ ಬೆರಳುಗಳನ್ನೇ ನೋಡಿದಳು. “ಅಮಾಸಿ ದಿನದ ಹಸೀ ತೊಗರಿಕಾಳು ಹಸರಗೇ ಇದ್ವು ಯವ್ವಾ. ಈಗ ಬಾಯಾಗ ಹಾಕ್ಕೊಂಡು ಉಗುಳಿದಂಗ.”

ಭಾಗ್ಯಜ್ಯೋತಿ ಕೂತಲ್ಲಿಂದ ಎದ್ದಳು.

ಮೊನ್ನೆ ಉಂಡದ್ದು ಇವತ್ತೂ ಹಸಿರಾಗಿ ಕೂತಿರುವ ಹೊಟ್ಟೆ. ಆ ಹೊಟ್ಟೆಯನ್ನು ನಂಬಿ ತಾನು ಒಬ್ಬ ಮುದುಕನ ಕೈಗೆ ಬೇಡಿ ಹಾಕಿದ್ದೇನೆ.

“ಅವ್ವಾ, ಏನೇನು ಔಷಧ ತಗೋತಿದ್ರು? ಒಂದೂ ಬಿಡದs ಹೇಳ್ರಿ.”

“ಗುಳಿಗಿ ಏನೂ ಇಲ್ರಿ. ಸೋಮವಾರಕ್ಕೊಮ್ಮೆ ಒಂದ ಸೂಜಿ. ತಾಕತ್ತಿಂದು ಅಂತಿದ್ರು. ತಾವs ಅಂಗಿ ಎತ್ತಿ ಹೊಟ್ಟಿಗೆ ಚುಚ್ಚಿಕೊಳ್ಳಾವ್ರು. ಯಾರ ಕೊಟ್ರು ಅಂದ್ರ ನಗಾವ್ರು. ‘ನನ್ನ ಮ್ಯಾಲ ಜೀವ ಇಟ್ಟವರು ಕೊಟ್ಟಾರ’ ಅನ್ನಾವ್ರು.”

ಅವಳು ಅಡುಗೆಮನೆಗೆ ಕರೆದುಕೊಂಡು ಹೋದಳು. ನೀರಿನ ಗಡಿಗೆಗಳ ಕೆಳಗೆ ಹಾಸಿದ ಒದ್ದೆ ಮರಳಿನಲ್ಲಿ ಕೈ ಆಡಿಸಿದಳು. ಪ್ಲಾಸ್ಟಿಕ್ಕಿನ ಚೀಲದಲ್ಲಿ ಸುತ್ತಿದ ಒಂದು ಪೆನ್ನು ಹೊರಗೆ ಬಂತು. ಬರೆಯುವ ಪೆನ್ನಿನಂತೆಯೇ ಇತ್ತು, ಸ್ವಲ್ಪ ದಪ್ಪ. ತುದಿಗೆ ಸೂಜಿ ಸಿಕ್ಕಿಸುವ ಕಂಡಿ. ಮೈಮೇಲಿನ ಹೆಸರನ್ನು ಯಾರೋ ಬ್ಲೇಡಿನಿಂದ ನುಣ್ಣಗೆ ಕೆರೆದಿದ್ದರು.

“ಫ್ರಿಜ್ ಅದಲ್ರಿ ಮನ್ಯಾಗ. ಮರಳಿನ್ಯಾಗ ಯಾಕ?”

“ಫ್ರಿಜ್‌ನ್ಯಾಗ ಇಟ್ರ ಮಂದಿ ಕಣ್ಣಿಗೆ ಬೀಳ್ತದ ಅಂತ, ಕೊಟ್ಟವರs ಹೇಳಿದ್ರಂತ.”

ಅಷ್ಟರಲ್ಲಿ ಹಿಂದೆ ಚಪ್ಪಲಿ ಸದ್ದಾಯಿತು. ಹಣಮಂತರಾಯನ ಅಕ್ಕನ ಮಗ ಮಹೇಶಕುಮಾರ ಚಹಾದ ಕಪ್ಪು ಹಿಡಿದು ನಿಂತಿದ್ದ. ಮಾವ ಸತ್ತ ಮರುದಿನದಿಂದ ಗಿರಣಿಯ ಬೀಗದ ಕೈ ಅವನ ಸೊಂಟದಲ್ಲೇ ಇತ್ತು. ಭಾಗ್ಯಜ್ಯೋತಿ ಪೆನ್ನನ್ನು ಜೇಬಿಗಿಳಿಸಿದಳು. ಅವನು ನೋಡಿದನೋ ಇಲ್ಲವೋ ಗೊತ್ತಾಗಲಿಲ್ಲ.

“ಅವತ್ತ ಎಲ್ಲಿದ್ದಿರಿ ಮಹೇಶಕುಮಾರ?”

“ಮತ್ತದs ಏನ್ರಿ? ಅಡತಿ ಅಂಗಡ್ಯಾಗ. ತೊಗರಿ ಹರಾಜು ನಡದಿತ್ತು. ಇಡೀ ಬಜಾರನs ಸಾಕ್ಷಿ ಅದ. ಹಮಾಲರನ್ನ ಕರೀಲೇನು?”

“ಬ್ಯಾಡ. ಸಂಜೀಕ ಎಲ್ಲಿದ್ದಿರಿ?”

ಕಪ್ಪು ಬಸಿಯ ಮೇಲೆ ಟಿಣ್ ಎಂದಿತು.

“ಸಂಜೀಕ ಯಾಕ್ರಿ? ಮಾವ ಸತ್ತದ್ದು ಮಧ್ಯಾಹ್ನ ಅಲ್ಲೇನ್ರಿ?”

“ಸುಮ್ನ ಕೇಳಿದೆ.”

“ಪೊಲೀಸರಿಗೆ ಸುಮ್ನ ಕೇಳೂದೂ ಬರ್ತದೇನ್ರಿ?” ನಗಲು ನೋಡಿದ. ನಗು ತುಟಿಯವರೆಗೆ ಬಂದು ಅಲ್ಲೇ ಕೂತಿತು. “ಮನ್ಯಾಗ ಇದ್ದೆ. ಇಲ್ಲ, ಗಿರಣ್ಯಾಗ. ಅತ್ತೀಗೆ ಗೊತ್ತದ, ಕೇಳ್ರಿ.”

ಗುರುಶಾಂತಮ್ಮ ತಲೆ ಎತ್ತಲಿಲ್ಲ. ಗಡಿಗೆಯ ಕೆಳಗಿನ ಮರಳನ್ನು ಅಂಗೈಯಿಂದ ಸಮ ಮಾಡುತ್ತಿದ್ದಳು.

ಜೀಪು ಅಫಜಲಪುರದ ದಾರಿ ಹಿಡಿಯಿತು. ಎರಡೂ ಬದಿಗೆ ಕೊಯ್ಲಾದ ತೊಗರಿಯ ಕೂಳೆ, ನಡುನಡುವೆ ಎದೆಮಟ್ಟದ ಬಿಳಿಜೋಳ. ಡ್ರೈವರ್ ಕಾನ್‌ಸ್ಟೆಬಲ್ ಮಾಳಿಂಗ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ತೊಡೆಯ ಮೇಲಿನ ಪೊಟ್ಟಣದಿಂದ ಮಂಡಕ್ಕಿ ಸೂಸಲ ಮುಕ್ಕುತ್ತಿದ್ದ.

“ಎಷ್ಟ ತಿಂತೀಯೋ ಮಾಳಿಂಗ? ಆಗಲೇ ಚೌಕಿನ್ಯಾಗ ಮಿರ್ಚಿ ತಿಂದಿ.”

“ಏನ ಮಾಡ್ಲಿ ಮೇಡಂ. ನನ್ನ ಹೊಟ್ಟ್ಯಾಗ ಕುಂತಾವ ಇನ್ನೂ ತಾ, ಇನ್ನೂ ತಾ ಅಂತಾನ. ಸಾವಕಾರ್ರ ಹೊಟ್ಟ್ಯಾಗಿನವ ಶ್ಯಾಣ್ಯಾ ಇದ್ದ ಕಾಣ್ತದ.”

ಭಾಗ್ಯಜ್ಯೋತಿಗೆ ನಗು ಬರಲಿಲ್ಲ. ಮಾಳಿಂಗನೂ ಪೊಟ್ಟಣ ಮಡಚಿ ಪಕ್ಕಕ್ಕಿಟ್ಟ.

ಹಣಮಂತರಾಯನ ಹೆಣ ಕೊಯ್ದಿದ್ದವಳು ಡಾಕ್ಟರ್ ನಿಶಾತ. ರಜೆಯ ದಿನ, ಮನೆಯ ಕಟ್ಟೆಯ ಮೇಲೆ ಬಿಸಿಲಿಗೆ ಕೂದಲು ಒಣಗಿಸುತ್ತ ಕೂತಿದ್ದಳು. ಪೆನ್ನನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. ಮುಖದ ಬಣ್ಣ ಇಳಿಯಿತು.

“ಇದು ಸಕ್ಕರಿ ಬ್ಯಾನಿಗೆ, ಬೊಜ್ಜಿಗೆ ಕೊಡೂ ಸೂಜೀದು ಇದ್ದಂಗ ಅದ. ಔಷಧದ ಅಂಗಡ್ಯಾಗ ಸಿಗ್ತದ, ಆದ್ರ ಡಾಕ್ಟರ ಚೀಟಿ ಬೇಕು. ಒಳಗಿನ ಔಷಧ ಲ್ಯಾಬಿಗೆ ಕಳಸೂತನಕ ನಾ ಗ್ಯಾರಂಟಿ ಹೇಳೂದಿಲ್ಲ.”

“ಏನ ಮಾಡ್ತದ ಅದು?”

“ಕುಂದರ್ರಿ, ಹೇಳ್ತೇನಿ.” ನಿಶಾತ ತನ್ನ ಹೊಟ್ಟೆಯ ಮೇಲೆ ಬೆರಳಿಟ್ಟಳು. “ನಾವು ಉಂಡದ್ದು ಹೊಟ್ಟೀಲಿಂದ ಕರುಳಿಗೆ ಇಳೀತದ. ಇಳದ ಕೂಡಲೇ ಕರುಳಿನ ಗ್ವಾಡಿ ಒಂದ ರಸ ಬಿಡ್ತದ, ಹಾರ್ಮೋನು. ಅದು ರಕ್ತದಾಗ ಕೂಡಿ ಹೋಗಿ ಮೆದುಳಿಗೆ ‘ಸಾಕು’ ಅಂತದ. ಹೊಟ್ಟಿಗೆ ‘ಸಾವಕಾಶ ಕಳಸು, ಗಡಿಬಿಡಿ ಬ್ಯಾಡ’ ಅಂತದ. ಸಕ್ಕರಿ ಸಂಭಾಳಸಾಕ ಇನ್ಸುಲಿನ್‌ಗೂ ಹೇಳಿ ಕಳಸ್ತದ. ನಿಮ್ಮ ಕರುಳಿನ್ಯಾಗ, ನನ್ನ ಕರುಳಿನ್ಯಾಗ, ಎಲ್ಲಾರಿಗೂ ಅದ.”

‘ಹೊಟ್ಟ್ಯಾಗ ಯಾರೋ ಕುಂತಾನ.’ ಭಾಗ್ಯಜ್ಯೋತಿಯ ಕೈ ತನಗೆ ತಿಳಿಯದಂತೆ ತನ್ನ ಹೊಟ್ಟೆಯ ಮೇಲೆ ಹೋಗಿತ್ತು.

“ಎಲ್ಲರ ಒಳಗೂ ಇದ್ರ ಅವರಿಗೆ ಅಷ್ಟ ತ್ರಾಸ ಯಾಕಾತು?”

“ನಮ್ಮ ಮೈಯಾಗಿನದು ಹುಟ್ಟಿದ ಕೆಲವs ನಿಮಿಷದಾಗ ಕರಗಿ ಹೋಗ್ತದ. ಹೇಳೂದು ಹೇಳಿ ಸುಮ್ನಾಗ್ತದ. ಈ ಸೂಜ್ಯಾಗ ಇರೂದು ಅದರ ವೇಷ ಹಾಕಿದ್ದು. ವಾರಗಟ್ಟಲೆ ಕರಗೂದಿಲ್ಲ. ಹಗಲು ರಾತ್ರಿ ಸಾಕು ಸಾಕು ಅಂತs ಇರ್ತದ. ಡಾಕ್ಟರು ಸಣ್ಣ ಪ್ರಮಾಣದಿಂದ ಶುರು ಮಾಡಿ ನೋಡಿ ನೋಡಿ ಏರಸ್ತಾರ. ತಿಳೀಲಾರದವರ ಕೈಗೆ, ಇಲ್ಲಾ ಬಹಳ ತಿಳದವರ ಕೈಗೆ ಸಿಕ್ಕು ಒಮ್ಮೆಲೆ ಏರಿಸಿದ್ರ…”

“ಏರಿಸಿದ್ರ?”

“ಹೊಟ್ಟಿ ನಿಂತಂಗ ಆಗ್ತದ. ಉಂಡದ್ದು ಅಲ್ಲೇ ಕುಂತು ಹುಳಿ ಬಂದು ನಾರ್ತದ. ತೇಗು ಕೊಳತ ತತ್ತಿ ಹಂಗ.”

ಹೇಳುತ್ತ ಹೇಳುತ್ತ ನಿಶಾತಳ ದನಿ ತಾನಾಗಿ ಇಳಿಯಿತು. ಒಣಗಿದ ಕೂದಲನ್ನು ಮುಡಿ ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು.

“ಯಾ ಅಲ್ಲಾ. ನಾ ಆ ಹೊಟ್ಟೀ ನೋಡಿ ಹೊತ್ತು ಹೇಳಿದೆ ಅಲ್ರಿ. ಹೊಟ್ಟಿ ಒಂದನ್ನs ನಂಬಬಾರದು ಅಂತ ಓದೇನಿ. ಆದ್ರ ಇಡೀ ರಾತ್ರಿ ಥಂಡಿ ನೀರಾಗ ಬಿದ್ದಿದ್ದ ಮೈ, ಬ್ಯಾರೆ ಗುರುತು ಏನೂ ಸರಿಯಾಗಿ ಸಿಗಲಿಲ್ಲ. ಮಧುಕರಿ ಕಣ್ಣಿಗೆ ಹೊಡದಂಗ ಕಂಡಿತು. ಮಧ್ಯಾಹ್ನದ ಅನ್ನ ಕರಗದs ಅದ ಅಂದ್ರ ಸತ್ತದ್ದೂ ಮಧ್ಯಾಹ್ನನs ಅಂದೆ.”

“ನಾನೂ ಅದನ್ನs ಅಂದೆ. ಈ ಕಡೆ ಹುಟ್ಟಿದ ಯಾರಾದ್ರೂ ಅದನ್ನs ಅಂತಿದ್ರು.” ಭಾಗ್ಯಜ್ಯೋತಿ ಎದ್ದು ನಿಂತಳು. “ಈಗ ಹೇಳ್ರಿ. ಸಂಜೀತನಕ ಜೀವ ಇದ್ದಿರಬಹುದೇನು?”

“ಸಂಜೀತನಕ ಇದ್ದಿರಬಹುದು. ಇನ್ನೂ ತಡಾನೂ ಇದ್ದಿರಬಹುದು. ಬರದು ಕೊಡ್ತೇನಿ, ಮೇಡಂ. ನಾಳೆ ಕೋರ್ಟಿನ್ಯಾಗ ನಾನs ನಿಂತು ಹೇಳ್ತೇನಿ.” ಸ್ವಲ್ಪ ತಡೆದು ಅಂದಳು: “ಮಧುಕರಿ ದಿನಾನs ಆರಿಸ್ಯಾರ ಅಂದ್ರ, ಆ ಹೊಟ್ಟಿ ನಮಗ ಏನ ಹೇಳ್ತದ ಅಂತ ಗೊತ್ತಿದ್ದವರs ಇರಬೇಕು. ಸತ್ತವನ ಹೊಟ್ಟೀನs ಕಟಕಟೀಗೆ ಹತ್ತಿಸಿ ಸುಳ್ಳು ನುಡಿಸ್ಯಾರ.”

ಗಾಣಗಾಪುರದ ಠಾಣೆಗೆ ಬಂದಾಗ ಹೊತ್ತು ಇಳಿದಿತ್ತು. ಸಂಜೆಯ ಆರತಿಗೆ ದೂರದಿಂದ ಗಂಟೆ ಕೇಳುತ್ತಿತ್ತು. ಆ ಹೊತ್ತಿಗೆ ಗುಡಿಯ ಮುಂದೆ ಗಾಳಿ ಹಿಡಿದವರು ಕಂಬಕ್ಕೆ ಮೈ ಹಚ್ಚಿ ಕೂಗುವುದು ಅಲ್ಲಿಯ ನಿತ್ಯದ ಪಾಡು. ಒಂದು ಹೆಣ್ಣು ದನಿ ಎಲ್ಲ ದನಿಗಿಂತ ಮೇಲೆ ಎದ್ದು, ಎಳೆದು ಎಳೆದು, ಥಟ್ಟನೆ ಕಡಿದುಹೋಯಿತು.

ಠಾಣೆಯ ಬೆಂಚಿನ ಮೇಲೆ ಉಸ್ಮಾನಸಾಬನ ಮಗಳು ಮಿನಾಜ ಬುತ್ತಿ ಇಟ್ಟುಕೊಂಡು ಕೂತಿದ್ದಳು. ಜೇವರ್ಗಿಯ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸು. ಕೆಲಸ ಮುಗಿಸಿ ಬಸ್ಸು ಹಿಡಿದು ಬಂದಿದ್ದಳು.

“ಅಬ್ಬಾ ಉಣವಲ್ರು ಮೇಡಂ. ನೀವರ ಒಂದ ಮಾತ ಹೇಳ್ರಿ.”

“ಇವತ್ತ ಉಣ್ತಾನ. ಉಣ್ಣೂವಂಥ ಮಾತs ತಂದೇನಿ.” ಹುಡುಗಿಯ ಹೆಗಲು ತಟ್ಟಿ ಭಾಗ್ಯಜ್ಯೋತಿ ಒಳಗೆ ಹೋದಳು.

ಉಸ್ಮಾನಸಾಬ ಲಾಕಪ್ಪಿನ ಸರಳುಗಳಾಚೆ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಬಿಳಿ ಗಡ್ಡ, ಸೋತ ಕಣ್ಣು. ಹಿಡಿದ ದಿನದಿಂದ ಅವನದು ಒಂದೇ ಮಾತು: ನಾ ಕೊಂದಿಲ್ಲ. ಅಳದೆ, ಕೂಗದೆ, ಬಸ್ಸಿನ ಹೊತ್ತು ಹೇಳುವವನ ಹಾಗೆ ಹೇಳುತ್ತಿದ್ದ. ಆ ನೆಮ್ಮದಿಯೇ ಭಾಗ್ಯಜ್ಯೋತಿಯ ನಿದ್ದೆ ಕೆಡಿಸಿತ್ತು.

“ಕಾಕಾ, ಸಾವಕಾರ್ರು ಅವತ್ತ ಮಧುಕರಿ ಹೆಂಗ ಉಂಡ್ರು?”

“ಅಳಕೋತ ಉಂಡ್ರು. ಬೇಡಿದ ಅನ್ನ ಚೆಲ್ಲಬಾರದಲ್ರಿ. ತುತ್ತು ತುತ್ತಿಗೂ ‘ಉಸ್ಮಾನ್ಯಾ, ಒಳಗಿನವ ಬ್ಯಾಡ ಅನ್ನಾಕತ್ತಾನೋ’ ಅಂತಿದ್ರು. ನಾ ಬೆನ್ನ ಸವರಿದೆ. ‘ಉಣ್ರಿ ಸಾವಕಾರ್ರ, ಆ ಹಡಬಿಟ್ಟಿ ಮಾತ ಕೇಳಬ್ಯಾಡ್ರಿ’ ಅಂದೆ. ನಗತಾ ನಗತಾ ಒಂದ ತುತ್ತು ಜಾಸ್ತೀನs ಉಂಡ್ರು.”

“ಆಮ್ಯಾಲ?”

“ಗಿಡದ ಬುಡಕ ಮಲಗಿಸಿದೆ. ಗಾಡಿ ಪಂಚರಾಗಿತ್ತು, ಗಾಲಿ ಹೊತಗೊಂಡು ಕ್ರಾಸಿನ ಪಂಚರ ಅಂಗಡಿಗೆ ಹೋದೆ. ಹೊತ್ತ ಮುಳುಗೂತನಕ ಅಲ್ಲೇ ಕುಂತಿದ್ದೆ. ಅಂಗಡಿ ತುಂಬ ಮಂದಿ ಇದ್ರು. ತಿರುಗಿ ಬಂದ್ರ ಸಾವಕಾರ್ರು ಇದ್ದಿಲ್ಲ. ಲಾಡ್ಜಿಗೆ ಹೋಗಿರಬೇಕು ಅಂದಕೊಂಡೆ. ಇನ್ನೆಷ್ಟ ಸಲ ಹೇಳ್ಲಿ ತಾಯಿ?”

“ಇನ್ನ ಹೇಳಬ್ಯಾಡ.” ಭಾಗ್ಯಜ್ಯೋತಿ ಅವನೆದುರು ನೆಲಕ್ಕೇ ಕೂತಳು. “ಹೊಟ್ಟ್ಯಾಗಿನ ಅನ್ನ ನೋಡಿ ನಾವು ಹೊತ್ತು ತಪ್ಪಿದ್ವಿ ಕಾಕಾ. ಅವರಿಗೆ ಯಾರೋ ಹೊಟ್ಟಿ ನಿಲ್ಲಸೂ ಸೂಜಿ ಕೊಟ್ಟಿದ್ರು. ಮಧ್ಯಾಹ್ನ ಸತ್ತಿಲ್ಲ ಅವರು. ಸಂಜೀತನಕ ಜೀವಂತ ಇದ್ರು. ಸಂಜೀಕ ನೀ ಪಂಚರ ಅಂಗಡ್ಯಾಗ ಮಂದಿ ನಡುವ ಕುಂತಿದ್ದಿ. ನಾಳೆ ಡಾಕ್ಟರು ಬಂದು ಹೇಳ್ತಾರ. ನೀ ಮನೀಗೆ ಹೋಗ್ತೀ.”

ಕೈ ಮುಗಿದಾನು, ಅತ್ತಾನು, ಇಷ್ಟು ದಿನ ಹಿಡಿದಿಟ್ಟಿದ್ದಕ್ಕೆ ಎರಡು ಮಾತು ಬೈದಾನು ಎಂದು ಅವಳು ಕಾದಳು.

ಉಸ್ಮಾನಸಾಬ ಅವಳನ್ನು ನೋಡಲೇ ಇಲ್ಲ. ಅವನ ಕಣ್ಣು ಅವಳ ಭುಜದ ಆಚೆ, ಬಾಗಿಲ ಕಡೆ ಹೋಯಿತು.

“ಸಂಜೀಕ?” ಎಂದ.

“ಹೌದು. ಹೊತ್ತ ಮುಳುಗೂ ಸುಮಾರಿಗೆ, ನೀ ತಿರುಗಿ ಬರೂಕಿಂತ ಮೊದಲs.”

ಇಷ್ಟು ದಿನ ಬಗ್ಗದ ಮುದುಕ ಕೈಯೂರಿ ಎದ್ದು, ಸರಳುಗಳನ್ನು ಹಿಡಿದುಕೊಂಡ.

“ಬರಕೋರಿ ಮೇಡಂ.”

“ಏನ ಬರಕೊಳ್ಳಿ?”

“ನಾನs ಕೊಂದೇನಿ. ಮಧ್ಯಾಹ್ನನs. ಉಂಡು ಮಲಗಿದ ಕೂಡಲೇ. ನಿಮ್ಮ ಮೊದಲಿನ ಹೊತ್ತs ಖರೇ ಅದ.”

“ಕಾಕಾ, ತಲಿ ಕೆಟ್ಟದೇನು ನಿಂದು? ನಾಳೆ ಬಿಡ್ತಾರ ನಿನ್ನ.”

“ಬಿಡಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನಿ, ಬಿಡಬ್ಯಾಡ್ರಿ.”

ಭಾಗ್ಯಜ್ಯೋತಿ ನಿಧಾನವಾಗಿ ಎದ್ದಳು. “ಹೆಂಗ ಕೊಂದಿ?”

“ನೀರಾಗ ಅದುಮಿ ಹಿಡದೆ.”

ಸುಳ್ಳು. ಹಣಮಂತರಾಯನ ಶ್ವಾಸಕೋಶದಲ್ಲಿ ಒಂದು ಹನಿ ಹೊಳೆಯ ನೀರಿರಲಿಲ್ಲ. ಯಾರೋ ಉಸಿರುಗಟ್ಟಿಸಿದ್ದು ದಂಡೆಯ ಮೇಲೆ. ನೀರಿಗೆ ಬಿದ್ದದ್ದು ಬರೀ ಹೆಣ. ಕೊಂದವನಿಗೆ ಗೊತ್ತಿರಬೇಕಾದ ಆ ಒಂದು ಸಂಗತಿ ಈ ಮನುಷ್ಯನಿಗೆ ಗೊತ್ತಿಲ್ಲ. ಗೊತ್ತಿಲ್ಲದೆಯೂ, ಬಿಡುಗಡೆಯ ಮಾತು ಕಿವಿಗೆ ಬಿದ್ದ ಮೇಲೆಯೇ, ಕುತ್ತಿಗೆ ಮುಂದೆ ಚಾಚುತ್ತಿದ್ದಾನೆ.

“ಯಾರನ್ನ ಉಳಸಾಕತ್ತೀ ಕಾಕಾ? ಸಂಜೀಕ ಸಂಗಮದಾಗ ಯಾರಿದ್ರು?”

ಸರಳು ಹಿಡಿದ ಬೆರಳುಗಳು ಬೆಳ್ಳಗಾದವು. ಅವನು ಇನ್ನೂ ಬಾಗಿಲನ್ನೇ ನೋಡುತ್ತಿದ್ದ, ಹೋಗು, ಹೋಗು ಎಂಬ ಹಾಗೆ.

ಭಾಗ್ಯಜ್ಯೋತಿ ತಿರುಗಿದಳು.

ಮಿನಾಜ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ, ಎಲ್ಲಿಂದ ಕೇಳಿಸಿಕೊಂಡಳೋ. ಹೆತ್ತ ತಂದೆ ಈಗ ತಾನೆ ಕೊಲೆ ಒಪ್ಪಿಕೊಂಡಿದ್ದಾನೆ, ಅವನ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಕಣ್ಣಲ್ಲಿ ನೀರಿಲ್ಲ. ಮುಖ, ರೋಗಿಯ ನಾಡಿ ಎಣಿಸುವಾಗಿನ ಮುಖದಂತೆ ತೆಪ್ಪಗಿತ್ತು. ದಿನಾ ರೋಗಿಗಳಿಗೆ ಸೂಜಿ ಚುಚ್ಚುವ ಕೈಯಲ್ಲಿ ಬುತ್ತಿ ಅಲುಗದೆ ನಿಂತಿತ್ತು.

“ಮೇಡಂ,” ಎಂದಳು. “ಸಂಜೀಕ ಅಂತ ನಿಮಗ ಹೇಳಿದವರು ಯಾರ್ರಿ?”